ಬಾರ್ಬಡೋಸಿನಲ್ಲಿ ಹೊರಗಿನವರು ಯಾರು?

ಬಾರ್ಬಡೋಸಿನ ಬಸ್ ನಿಲ್ದಾಣಗಳಲ್ಲಿ ಊರುಗಳ ಪಟ್ಟಿ ಹುಡುಕಿ ಪ್ರಯೋಜನವಿಲ್ಲ. ಕಂಬದ ಮೇಲೆ ದುಂಡನೆಯ ಒಂದು ಫಲಕ ಇರುತ್ತದೆ. ರಸ್ತೆಯ ಒಂದು ಬದಿಯಲ್ಲಿ ‘ಟು ಸಿಟಿ’ ಎಂದಿದ್ದರೆ ಎದುರು ಬದಿಯಲ್ಲಿ ‘ಔಟ್ ಆಫ್ ಸಿಟಿ’ ಎಂದಿರುತ್ತದೆ. ಸಿಟಿ ಎಂದರೆ ರಾಜಧಾನಿ ಬ್ರಿಜ್‌ಟೌನ್. ಉದ್ದ 34 ಕಿಲೋಮೀಟರ್, ಅಗಲ 23 ಕಿಲೋಮೀಟರ್ ಇರುವ ದ್ವೀಪಕ್ಕೆ ಇಷ್ಟು ದಿಕ್ಕು ಸಾಕು. ಹೊಸದಾಗಿ ಬಂದವರು ಇನ್ನು ಕಲಿಯಬೇಕಾದದ್ದು ಬಣ್ಣಗಳನ್ನು. ನೀಲಿ ಮೈಗೆ ಹಳದಿ ಪಟ್ಟಿ ಇದ್ದರೆ ಸರ್ಕಾರಿ ಬಸ್ಸು, ಹಳದಿ ಮೈಗೆ ನೀಲಿ ಪಟ್ಟಿ ಇದ್ದರೆ ಖಾಸಗಿ ಮಿನಿ ಬಸ್ಸು, ಬಿಳಿ ಮೈಗೆ ಕಡುಗೆಂಪು ಪಟ್ಟಿ ಇದ್ದರೆ ವ್ಯಾನು. ಈ ವ್ಯಾನುಗಳ ನಂಬರ್ ಪ್ಲೇಟು ‘ಝಡ್ ಆರ್’ ಎಂದು ಶುರುವಾಗುತ್ತದೆ, ಜನರ ಬಾಯಲ್ಲೂ ಅವು ಝಡ್ ಆರ್‌ಗಳೇ. ಒಳಗೆ ಹಾಡು ಜೋರು, ರಸ್ತೆಯಲ್ಲಿ ಓಟ ಅದಕ್ಕಿಂತ ಜೋರು. ಹತ್ತಿರಕ್ಕೋ ದೂರಕ್ಕೋ, ಎಲ್ಲಿಗೆ ಹೋದರೂ ದರ ಮೂರೂವರೆ ಬಾರ್ಬಡೋಸ್ ಡಾಲರ್. 1975ರಿಂದಲೂ ಇಲ್ಲಿನ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರ್ ಎಂಬ ಲೆಕ್ಕ ಬದಲಾಗಿಲ್ಲ.

ವ್ಯಾನು ಹತ್ತಿದವರು ಸೀಟು ಹುಡುಕುವುದಕ್ಕೂ ಮೊದಲು ಒಳಗಿರುವ ಎಲ್ಲರಿಗೂ ಸೇರಿಸಿ ಒಮ್ಮೆ ‘ಗುಡ್ ಮಾರ್ನಿಂಗ್’ ಹೇಳಬೇಕು. ಅಂಗಡಿಗೆ ಹೋದರೂ ಇದೇ ಕ್ರಮ, ಆಸ್ಪತ್ರೆಯಲ್ಲಿ ಡಾಕ್ಟರಿಗಾಗಿ ಕಾಯುವ ಕೋಣೆಗೆ ಕಾಲಿಟ್ಟರೂ ಇದೇ ಕ್ರಮ. ಕೌಂಟರಿನ ಮುಂದೆ ನಿಂತು ನೇರವಾಗಿ ‘ಒಂದು ಬ್ರೆಡ್ ಕೊಡಿ’ ಎಂದವರಿಗೆ ಬ್ರೆಡ್ ಸಿಗಬಹುದು, ಆದರೆ ಅದಕ್ಕೂ ಮೊದಲು ಕೌಂಟರಿನ ಆ ಕಡೆಯ ಹೆಂಗಸು ಮೆಲ್ಲಗೆ, ಒತ್ತಿ, ‘ಗುಡ್ ಮಾರ್ನಿಂಗ್’ ಎನ್ನುತ್ತಾರೆ. ಹೇಳದೆ ಬಿಟ್ಟದ್ದನ್ನು ಹೇಳಿಸಿಯೇ ವ್ಯವಹಾರ ಮುಂದುವರಿಯುವುದು. ಶಾಲೆಯ ಮಕ್ಕಳಿಗೂ ಇದರಲ್ಲಿ ರಿಯಾಯಿತಿ ಇಲ್ಲ. ವಂದಿಸದೆ ಹಾದುಹೋದ ಹುಡುಗನ ದೂರು ಅವನಿಗಿಂತ ಮೊದಲೇ ಮನೆ ಸೇರಿರುತ್ತದೆ.

ಸುಮಾರು 430 ಚದರ ಕಿಲೋಮೀಟರ್ ನೆಲದಲ್ಲಿ ಎರಡೂ ಮುಕ್ಕಾಲು ಲಕ್ಷದಷ್ಟು ಜನ ಬದುಕುವ ಕಡೆ ಈ ಮರ್ಯಾದೆಗೆ ಕಾರಣವಿದೆ. ಇವತ್ತು ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತವರು ನಾಳೆ ಚರ್ಚಿನಲ್ಲಿ ಪಕ್ಕದಲ್ಲಿ ಕೂರಬಹುದು, ನಾಡಿದ್ದು ಮಗಳ ಶಿಕ್ಷಕಿಯಾಗಿ ಎದುರಾಗಬಹುದು. ಇಲ್ಲಿ ರೇಡಿಯೊದಲ್ಲಿ ನಿಧನ ವಾರ್ತೆಗಳನ್ನು ಓದುತ್ತಾರೆ. ತೀರಿಕೊಂಡವರ ಹೆಸರು, ಜನ ಕರೆಯುತ್ತಿದ್ದ ಅಡ್ಡಹೆಸರು, ಇದ್ದ ಓಣಿ, ಯಾರ ತಾಯಿ, ಯಾರ ಅತ್ತೆ, ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಇರುವ ಬಂಧುಗಳು ಯಾರು ಯಾರು, ಎಲ್ಲವೂ ಅದರಲ್ಲಿ ಬರುತ್ತದೆ. ಕಿವಿಗೊಟ್ಟು ಕೇಳಿದ ಹೊಸಬರಿಗೆ ಕೆಲವೇ ವಾರಗಳಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದು ಅರ್ಧ ಗೊತ್ತಾಗುತ್ತದೆ. ತಾನು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ ಎಂಬುದೂ ಗೊತ್ತಾಗುತ್ತದೆ.

ಹಾಗೆ ನೋಡಿದರೆ ಈ ದ್ವೀಪದಲ್ಲಿ ಮೂಲದವರು ಎಂದು ಹೇಳಿಕೊಳ್ಳಬಲ್ಲವರು ಇಲ್ಲವೇ ಇಲ್ಲ. 1627ರ ಫೆಬ್ರುವರಿಯಲ್ಲಿ ಇಂಗ್ಲಿಷರ ಮೊದಲ ಹಡಗು ಈಗಿನ ಹೋಲ್‌ಟೌನ್ ಬಳಿ ಜನರನ್ನು ಇಳಿಸಿದಾಗ ದ್ವೀಪ ಖಾಲಿಯಾಗಿತ್ತು. ಹಿಂದೆ ಇಲ್ಲಿ ನೆಲೆಸಿದ್ದ ಅಮೆರಿಂಡಿಯನ್ನರು ಅಷ್ಟರಲ್ಲಿ ಇಲ್ಲವಾಗಿದ್ದರು. 1640ರ ದಶಕದಲ್ಲಿ ಬ್ರೆಜಿಲ್ ಕಡೆಯಿಂದ ಕಬ್ಬಿನ ಕಸುಬು ಬಂತು. ಕಬ್ಬು ಕಡಿಯಲು ಪಶ್ಚಿಮ ಆಫ್ರಿಕಾದಿಂದ ಜನರನ್ನು ಸರಪಳಿ ಬಿಗಿದು ತಂದರು. ಅವರನ್ನು ಆಸ್ತಿಯಂತೆ ಕಾಣುವ ಕಾನೂನನ್ನು 1661ರಲ್ಲಿ ಇಲ್ಲಿಯೇ ಬರೆದರು, ಬೇರೆ ವಸಾಹತುಗಳು ಅದನ್ನು ಮಾದರಿಯಾಗಿ ಇಟ್ಟುಕೊಂಡವು. ಇವತ್ತಿನ ಬಾರ್ಬಡೋಸಿನ ಹತ್ತರಲ್ಲಿ ಒಂಬತ್ತು ಮಂದಿ ಹಾಗೆ ಬಂದವರ ವಂಶದವರು. ತೋಟಗಳಿಗೆ ದಾಳಿಯಿಡುವ ಹಸಿರು ಕೋತಿಗಳೂ ಆಫ್ರಿಕಾದಿಂದ ಹಡಗಿನಲ್ಲೇ ಬಂದವು. ಕೆಲವು ತಿಂಗಳಲ್ಲಿ ಕಾರಿನ ಗಾಜಿನ ಮೇಲೆ ಕೂರುವ ಕಂದು ಧೂಳು ಸಹ ಅಟ್ಲಾಂಟಿಕ್ ಸಾಗರ ದಾಟಿ ಬಂದ ಸಹಾರಾ ಮರುಭೂಮಿಯದು.

1838ರಲ್ಲಿ ಪೂರ್ಣ ಬಿಡುಗಡೆ ಸಿಕ್ಕಾಗಲೂ ನೆಲ ಮಾತ್ರ ತೋಟದ ಮಾಲೀಕರ ಬಳಿಯೇ ಉಳಿಯಿತು. ಧಣಿ ಯಾವಾಗ ಎಬ್ಬಿಸುತ್ತಾನೋ ತಿಳಿಯದು, ಹಾಗಾಗಿ ಜನ ಬಿಚ್ಚಿ ಜೋಡಿಸಬಹುದಾದ ಮರದ ಮನೆ ಕಟ್ಟಿಕೊಂಡರು. ಅಡಿಪಾಯವಿಲ್ಲ, ಕಲ್ಲುಗಳ ಮೇಲೆ ಕೂರಿಸಿದ್ದು. ಎದ್ದು ಹೋಗು ಎಂದಾಗ ಹಲಗೆ ಕಳಚಿ ಗಾಡಿಗೆ ಹೇರಿ ಹೊರಡುತ್ತಿದ್ದರು. ‘ಚಾಟೆಲ್ ಹೌಸ್’ ಎನ್ನುವ ಆ ಮನೆಗಳು ಇನ್ನೂ ಓಣಿ ಓಣಿಯಲ್ಲಿವೆ. ಮುಂಭಾಗದಲ್ಲಿ ನಡುವೆ ಬಾಗಿಲು, ಎರಡೂ ಬದಿಗೆ ಒಂದೊಂದು ಕಿಟಕಿ, ಮೇಲೆ ಕಡಿದಾದ ಇಳಿಜಾರಿನ ತಗಡಿನ ಸೂರು. ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ಆ ಚೆಂದದ ಮನೆ ಹುಟ್ಟಿದ್ದು ತಮ್ಮದೇ ಊರಿನಲ್ಲಿ ಕಾಲೂರಲು ಜಾಗವಿಲ್ಲದವರ ಕೈಯಲ್ಲಿ.

ಊಟದ ತಟ್ಟೆಯಲ್ಲೂ ಇದೇ ಕಥೆ. ರಾಷ್ಟ್ರೀಯ ಖಾದ್ಯ ‘ಕುಕು’ ಮತ್ತು ಹಾರುವ ಮೀನು. ಬೆಂಡೆಕಾಯಿ ಹೆಚ್ಚಿ ನೀರಿನಲ್ಲಿ ಕುದಿಸಿ, ಆ ಲೋಳೆ ನೀರಿಗೆ ನೆನೆಸಿದ ಮೆಕ್ಕೆಜೋಳದ ಹಿಟ್ಟು ಹಾಕಿ, ಚಪ್ಪಟೆ ಮರದ ಕೋಲಿನಿಂದ ಗಂಟಾಗದಂತೆ ತಿರುವುತ್ತಾರೆ. ತಳ ಬಿಡುವ ಹದಕ್ಕೆ ಬಂದಾಗ ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ ಹೊರಳಾಡಿಸಿ ತಟ್ಟೆಗೆ ಬೋರಲು ಹಾಕಿದರೆ ಥೇಟ್ ರಾಗಿ ಮುದ್ದೆ, ಬಣ್ಣ ಮಾತ್ರ ಹಳದಿ. ನಡುವೆ ಗುಳಿ ಮಾಡಿ ಮೀನಿನ ಗೊಜ್ಜು ಸುರಿಯುತ್ತಾರೆ. ಬೆಂಡೆ ಆಫ್ರಿಕಾದ್ದು, ಜೋಳ ಅಮೆರಿಕ ಖಂಡದ್ದು. ಹಿತ್ತಿಲಿನ ಜೀಗುಜ್ಜೆ ಮರವನ್ನು ಪೆಸಿಫಿಕ್ ದ್ವೀಪಗಳಿಂದ ಕೆರಿಬಿಯನ್ನಿಗೆ 1793ರಲ್ಲಿ ತಂದದ್ದು ಕ್ಯಾಪ್ಟನ್ ವಿಲಿಯಂ ಬ್ಲೈ. ಗುಲಾಮರ ಹೊಟ್ಟೆಯನ್ನು ಅಗ್ಗದಲ್ಲಿ ತುಂಬಿಸುವುದು ಆ ಯಾತ್ರೆಯ ಉದ್ದೇಶ. ಬೆಳಗಿನ ತಿಂಡಿಗೆ ಕರಿಯುವ ಉಪ್ಪು ಮೀನಿನ ಬೋಂಡಾದಂಥ ‘ಫಿಶ್ ಕೇಕ್’ನ ಒಣಮೀನು ಶತಮಾನಗಳಿಂದಲೂ ಕೆನಡಾ ಕಡೆಯದು. ಸುತ್ತ ಸಮುದ್ರವಿರುವ ದ್ವೀಪಕ್ಕೆ ದೂರದ ಶೀತಲ ಸಮುದ್ರದಿಂದ ಮೀನು!

ಈಗಲೂ ತಿನ್ನುವ ಬಹುಪಾಲು ಪದಾರ್ಥ ಕಂಟೇನರಿನಲ್ಲಿ ಬ್ರಿಜ್‌ಟೌನ್ ಬಂದರಿಗೆ ಬಂದಿಳಿಯುತ್ತದೆ. ಹಡಗಿನ ಬಾಡಿಗೆ, ಸುಂಕ, ಬಹಳಷ್ಟು ವಸ್ತುಗಳ ಮೇಲೆ ಶೇ 17.5ರ ವ್ಯಾಟ್ ಎಲ್ಲ ಸೇರಿ ಸೂಪರ್‌ ಮಾರ್ಕೆಟ್ಟಿನಲ್ಲಿ ಸೇಬು, ಚೀಸು, ಓಟ್ಸಿನ ಬೆಲೆ ನೋಡಿ ಹೊಸಬರು ಹೌಹಾರುತ್ತಾರೆ. ಅನುಭವಸ್ಥರು ತೋರಿಸುವ ದಾರಿ ಬೇರೆ. ಶನಿವಾರ ಬೆಳಗ್ಗೆ ಬೇಗ ಎದ್ದು ಸಂತೆಗೆ ಹೋಗಿ ಗೆಣಸು, ಕುಂಬಳ, ಜೀಗುಜ್ಜೆ, ಬಾಳೆಕಾಯಿ ಕೊಳ್ಳಬೇಕು. ಮೀನು ಬೇಕಿದ್ದರೆ ದೋಣಿ ಬರುವ ಹೊತ್ತಿಗೆ ಓಯಿಸ್ಟಿನ್ಸ್ ಎಂಬ ಊರಿನಲ್ಲಿರಬೇಕು. ಅದೇ ಓಯಿಸ್ಟಿನ್ಸ್ ಶುಕ್ರವಾರ ರಾತ್ರಿ ಮೀನು ಸುಡುವ ಹೊಗೆ, ಹಾಡು, ಡೊಮಿನೊ ಆಟದ ಗದ್ದಲಗಳಿಂದ ತುಂಬಿ ಹೋಗುತ್ತದೆ. ಡೊಮಿನೊ ಇಲ್ಲಿ ಬಾಯಿ ಮುಚ್ಚಿಕೊಂಡು ಆಡುವ ಆಟವಲ್ಲ. ಕಾಯಿಯನ್ನು ಮೇಜಿಗೆ ಪಟಾರನೆ ಬಡಿಯದಿದ್ದರೆ ಆಡಿದಂತೆಯೇ ಆಗುವುದಿಲ್ಲ.

ಮನೆ ಹೂಡಿದವರಿಗೆ ಮೊದಲ ರಾತ್ರಿಯೇ ಒಂದು ಸದ್ದು ನಿದ್ದೆ ಕೆಡಿಸುತ್ತದೆ. ನೂರಾರು ಸೀಟಿಗಳು ಒಟ್ಟಿಗೆ ಊದಿದ ಹಾಗೆ. ಹುಡುಕಿದರೆ ಉಗುರಿನಷ್ಟು ದೊಡ್ಡ ಮರಗಪ್ಪೆ. ಬಾಗಿಲು ಹಾಕಿದರೂ ಕೇಳುತ್ತದೆ, ಕೆಲವು ದಿನ ಕಳೆದರೆ ಕೇಳಿಸುವುದು ನಿಂತುಹೋಗುತ್ತದೆ. ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು. ದ್ವೀಪದ ಬಹುಭಾಗ ಹವಳದ ಸುಣ್ಣಕಲ್ಲು, ಮಳೆನೀರು ಅದರೊಳಗೆ ಸೋಸಿಕೊಂಡು ನೆಲದಡಿ ಸೇರುತ್ತದೆ. ನೀರು ಶುದ್ಧ ನಿಜ, ಹೇರಳವಲ್ಲ. ಬೇಸಿಗೆಯಲ್ಲಿ ಎತ್ತರದ ಹಳ್ಳಿಗಳ ನಲ್ಲಿ ಒಣಗುವುದುಂಟು. ಎಷ್ಟೋ ಮನೆಗಳ ಸೂರಿನ ಮೇಲೆ ಸೋಲಾರ್ ವಾಟರ್ ಹೀಟರ್ ಕಾಣುತ್ತದೆ. 1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಸರ್ಕಾರ ಕೊಟ್ಟ ತೆರಿಗೆ ರಿಯಾಯಿತಿಯಿಂದ ಹಬ್ಬಿದ ಈ ಹೀಟರುಗಳನ್ನು ದ್ವೀಪದಲ್ಲೇ ತಯಾರಿಸುತ್ತಾರೆ.

ಕಡಲತೀರಗಳೆಲ್ಲ ಸಾರ್ವಜನಿಕ. ಎಷ್ಟೇ ದೊಡ್ಡ ಹೋಟೆಲಾದರೂ ಮರಳು ತನ್ನದು ಎನ್ನುವ ಹಾಗಿಲ್ಲ, ಆದರೆ ತೀರಕ್ಕೆ ಹೋಗುವ ಓಣಿಗಳನ್ನು ಕಟ್ಟಡಗಳು ನುಂಗುತ್ತಿವೆ ಎಂಬ ಜಗಳ ಸದಾ ಜೀವಂತ. ಪ್ರವಾಸಿಗರು ಹತ್ತು ಗಂಟೆಯ ಬಿಸಿಲಿಗೆ ಮೈಯೊಡ್ಡಲು ಬರುವಷ್ಟರಲ್ಲಿ ಊರಿನವರ ಸಮುದ್ರ ಸ್ನಾನ ಮುಗಿದಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಅಜ್ಜಿಯರು, ನಿವೃತ್ತ ಗುಮಾಸ್ತರು, ಕೆಲಸಕ್ಕೆ ಹೊರಟವರು ಎದೆಮಟ್ಟದ ನೀರಿನಲ್ಲಿ ಗುಂಪಾಗಿ ನಿಂತು, ಕೆಲವರು ಟೋಪಿಯನ್ನೂ ತೆಗೆಯದೆ, ನಿನ್ನೆಯ ರೇಡಿಯೊ ಚರ್ಚೆಯನ್ನು ಮುಂದುವರಿಸುತ್ತಾರೆ. ಹೊಸಬರಿಗೆ ಅಲ್ಲಿ ಸಿಗುವ ಮೊದಲ ಬುದ್ಧಿಮಾತು, ಕೆಂಪು ಪಟ್ಟಿ ಬಳಿದ ಮರದ ಬಳಿ ಸುಳಿಯಬೇಡಿ ಎಂಬುದು. ಅದು ಮ್ಯಾಂಚಿನೀಲ್. ಹಾಲು ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ, ಮಳೆ ಬಂತೆಂದು ಅದರಡಿ ನಿಂತರೂ ಸುಡುತ್ತದೆ. ಎರಡನೆಯದು ಬಟ್ಟೆಯ ವಿಚಾರ. ಸೈನಿಕರ ಸಮವಸ್ತ್ರದ ಚುಕ್ಕೆ ವಿನ್ಯಾಸದ ಟೀಶರ್ಟ್, ಟೋಪಿ, ಚೀಲವನ್ನು ಇಲ್ಲಿ ಸಾಮಾನ್ಯರು ಹಾಕುವಂತಿಲ್ಲ, ಅದು ಅಪರಾಧ. ಮಕ್ಕಳಿಗೂ ವಿನಾಯಿತಿ ಇಲ್ಲ.

ಕನ್ನಡಿಗರು ಈ ದ್ವೀಪವನ್ನು ಟಿವಿಯಲ್ಲಿ ಕಂಡದ್ದು 2024ರ ಜೂನ್ 29ರಂದು. ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಿತು. ಭಾರತದ ಕೋಚ್ ಆಗಿ ಕೊನೆಯ ಪಂದ್ಯ ಮುಗಿಸಿದ ರಾಹುಲ್ ದ್ರಾವಿಡ್ ಕಪ್ ಎತ್ತಿ ಕೂಗಿದ್ದನ್ನು ಮರೆತವರು ಕಡಿಮೆ. 1997ರಲ್ಲಿ ಇದೇ ಮೈದಾನದಲ್ಲಿ 120 ರನ್ ಬೆನ್ನಟ್ಟಿದ ಭಾರತ 81ಕ್ಕೆ ಕುಸಿದಾಗ ಅವರು ಆ ತಂಡದಲ್ಲಿ ಆಡಿದ್ದರು. ಗೆದ್ದವರು ಮರುದಿನವೇ ಹೊರಡುವಂತಿರಲಿಲ್ಲ. ಬೆರಿಲ್ ಚಂಡಮಾರುತ ಬರುತ್ತಿದೆ ಎಂದು ವಿಮಾನ ನಿಲ್ದಾಣ ಮುಚ್ಚಿತು, ತಂಡ ಹೋಟೆಲಿನಲ್ಲೇ ಉಳಿಯಿತು, ವಿಶೇಷ ವಿಮಾನದಲ್ಲಿ ದೆಹಲಿ ತಲುಪಿದಾಗ ಜುಲೈ 4ರ ಬೆಳಗು.

ಜೂನ್ 1ರಿಂದ ನವೆಂಬರ್ 30ರವರೆಗೆ ಇಲ್ಲಿ ಪ್ರತಿ ವರ್ಷವೂ ಇದೇ ಕಾಯುವಿಕೆ. ಮನೆಯಲ್ಲಿ ನೀರಿನ ಕ್ಯಾನು, ಡಬ್ಬಿಯ ಮಾಂಸ, ಬಿಸ್ಕತ್ತು, ಟಾರ್ಚು ಸಿದ್ಧವಿರಬೇಕು; ಕಿಟಕಿಗೆ ಬಡಿಯುವ ಹಲಗೆ ಕೈಗೆ ಸಿಗುವಂತಿರಬೇಕು. ದ್ವೀಪಮಾಲೆಯಿಂದ ಪೂರ್ವಕ್ಕೆ ಸರಿದು ಒಂಟಿಯಾಗಿ ಕೂತಿರುವುದರಿಂದ ಎಷ್ಟೋ ಚಂಡಮಾರುತಗಳು ಬಾರ್ಬಡೋಸನ್ನು ತಪ್ಪಿಸಿಕೊಂಡು ಹೋಗುತ್ತವೆ. 1955ರ ಜಾನೆಟ್ ನಂತರ ಮತ್ತೊಂದು ಅಪ್ಪಳಿಸಿದ್ದು 2021ರ ಜುಲೈನಲ್ಲಿ ಎಲ್ಸಾ. ಅದಕ್ಕೇ ‘ದೇವರು ಬೇಜನ್’ ಎನ್ನುವುದು ಇಲ್ಲಿನವರ ಹಳೆಯ ತಮಾಷೆ. ಬೇಜನ್ ಎಂದರೆ ಬಾರ್ಬಡೋಸಿನವ. ಬೆರಿಲ್ ಕೂಡ ದಕ್ಷಿಣಕ್ಕೆ ಸರಿದು ಗ್ರೆನಡಾದ ಕ್ಯಾರಿಯಕೂ ದ್ವೀಪವನ್ನು ನೆಲಸಮ ಮಾಡಿತು. ಆದರೂ ಅದು ಎಬ್ಬಿಸಿದ ಅಲೆಗಳಿಗೆ ಬ್ರಿಜ್‌ಟೌನ್ ಬಂದರಿನಲ್ಲಿ ಕಟ್ಟಿದ್ದ ಮೀನುಗಾರರ ದೋಣಿಗಳು ಒಂದರ ಮೇಲೊಂದು ಬಿದ್ದು ಒಡೆದವು, ಮುಳುಗಿದವು. ಹೋಟೆಲಿನ ಅತಿಥಿಗಳಿಗೆ ಮೂರು ದಿನ ತಡವಾಯಿತು. ದೋಣಿ ಕಳೆದುಕೊಂಡವರಿಗೆ ಕಸುಬೇ ನಿಂತಿತು.

ಭಾರತದವರಿಗೆ ಈ ದ್ವೀಪ ಹೊಸದಲ್ಲ. ಗಯಾನ, ಟ್ರಿನಿಡಾಡ್‌ಗಳಿಗೆ ಹೋದಂತೆ ಗುತ್ತಿಗೆ ಕೂಲಿಗಳ ಹಡಗು ಬಾರ್ಬಡೋಸಿಗೆ ಬರಲಿಲ್ಲ, ಏಕೆಂದರೆ ಇಲ್ಲಿ ಜನ ಹೆಚ್ಚು, ನೆಲ ಕಡಿಮೆ. ಬಿಡುಗಡೆಯ ನಂತರವೂ ತೋಟಗಳಿಗೆ ಆಳಿನ ಕೊರತೆ ಆಗಲಿಲ್ಲ. ಬಂದವರು ವ್ಯಾಪಾರಿಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂಗಾಳದ ಮುಸ್ಲಿಮರು ರೇಷ್ಮೆ ಮಾರಲು ಬಂದರು, 1920ರ ದಶಕದ ಕೊನೆಯಿಂದ ಸೂರತ್ ಸುತ್ತಲಿನ ಹಳ್ಳಿಗಳವರು. ಇವರ ಕಥೆಯನ್ನು ಸಾಬಿರ್ ನಖುದಾ 2013ರಲ್ಲಿ ‘ಬೆಂಗಾಲ್ ಟು ಬಾರ್ಬಡೋಸ್’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಗುಜರಾತಿನವರು ಪೆಟ್ಟಿಗೆ ಹೊತ್ತು ಹಳ್ಳಿ ಹಳ್ಳಿ ಸುತ್ತಿ ಬಟ್ಟೆ, ಚಾದರ, ಪಾತ್ರೆಗಳನ್ನು ಕಂತಿನ ಮೇಲೆ ಕೊಟ್ಟರು. ಕಬ್ಬಿನ ಗದ್ದೆಯ ಹೆಂಗಸಿಗೆ ಬ್ರಿಜ್‌ಟೌನಿನ ದೊಡ್ಡ ಅಂಗಡಿ ಸಾಲ ಕೊಡುತ್ತಿರಲಿಲ್ಲ, ವಾರಕ್ಕೊಮ್ಮೆ ಬಾಗಿಲಿಗೆ ಬರುವ ಈ ವ್ಯಾಪಾರಿ ಕೊಡುತ್ತಿದ್ದ. ಕೂಲಿಗೆಂದು ಬಂದವರಲ್ಲದಿದ್ದರೂ ಜನ ಅವರನ್ನು ಕರೆದದ್ದು ‘ಕೂಲಿ ಮ್ಯಾನ್’ ಎಂದೇ. ಅವರ ಮೊಮ್ಮಕ್ಕಳು ಇವತ್ತು ಅಪ್ಪಟ ಬೇಜನ್ ಇಂಗ್ಲಿಷ್ ಆಡುತ್ತಾರೆ, ಮನೆಯಲ್ಲಿ ಗುಜರಾತಿ ಇನ್ನೂ ಕಿವಿಗೆ ಬೀಳುತ್ತದೆ.

ಈಗ ಭಾರತದಿಂದ ವೈದ್ಯಕೀಯ ಓದಲೂ ಯುವಕರು ಬರುತ್ತಾರೆ. 2017ರ ಮರಿಯಾ ಚಂಡಮಾರುತ ಡೊಮಿನಿಕಾವನ್ನು ಧ್ವಂಸ ಮಾಡಿದ ಮೇಲೆ ಅಲ್ಲಿದ್ದ ರಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಬಾರ್ಬಡೋಸಿಗೆ ಸ್ಥಳಾಂತರವಾಯಿತು, ಹೀಗೆ ಹೊರದೇಶದ ವಿದ್ಯಾರ್ಥಿಗಳ ಸಂಖ್ಯೆ ಇನ್ನೂ ಹೆಚ್ಚಿತು. ಊರಿನಿಂದ ಮಿಕ್ಸಿ ಹೊತ್ತು ತಂದವರಿಗೆ ಅಡುಗೆಮನೆಯಲ್ಲಿ ಪಾಠ ಕಾದಿರುತ್ತದೆ. ಇಲ್ಲಿನ ಕರೆಂಟು 115 ವೋಲ್ಟ್, ನಮ್ಮದರ ಅರ್ಧ. ಮಿಕ್ಸಿ ನರಳುತ್ತದೆಯೇ ಹೊರತು ಚಟ್ನಿ ಆಗುವುದಿಲ್ಲ.

ಹೊರಗಿನವರನ್ನು ಸರ್ಕಾರವೇ ಕೈಬೀಸಿ ಕರೆದದ್ದೂ ಉಂಟು. ಕೋವಿಡ್‌ನಿಂದ ಪ್ರವಾಸೋದ್ಯಮ ನೆಲಕಚ್ಚಿದ 2020ರ ಜುಲೈನಲ್ಲಿ ಪ್ರಧಾನಿ ಮಿಯಾ ಮೋಟ್ಲಿ ‘ವೆಲ್ಕಮ್ ಸ್ಟ್ಯಾಂಪ್’ ಎಂಬ ವೀಸಾ ತಂದರು. ವರ್ಷಕ್ಕೆ 50,000 ಅಮೆರಿಕನ್ ಡಾಲರ್ ಆದಾಯ ಇರುವವರು 2,000 ಡಾಲರ್ ಶುಲ್ಕ ಕಟ್ಟಿ ಹನ್ನೆರಡು ತಿಂಗಳು ಇಲ್ಲಿ ಕೂತು ತಮ್ಮ ದೇಶದ ಕಂಪನಿಗೆ ಕೆಲಸ ಮಾಡಬಹುದು, ಇಲ್ಲಿ ಆದಾಯ ತೆರಿಗೆ ಇಲ್ಲ. ಲ್ಯಾಪ್‌ಟಾಪ್ ಹಿಡಿದು ಬಂದವರಿಂದ ಬಾಡಿಗೆ ಮನೆಗಳು ತುಂಬಿದವು. ಅದೇ ವರ್ಷ ಆಸ್ಪತ್ರೆಗಳ ಕೊರತೆ ನೀಗಿಸಲು ಘಾನಾದಿಂದ 95 ನರ್ಸುಗಳೂ ಬಂದರು.

ಆದರೆ ಸ್ವಾಗತ ಎಲ್ಲರಿಗೂ ಒಂದೇ ತೆರನಾಗಿರಲಿಲ್ಲ. ಗಯಾನದ ಮೇಸ್ತ್ರಿಗಳು, ಮನೆಕೆಲಸದವರು, ತೋಟದ ಆಳುಗಳು ದಶಕಗಳಿಂದ ಇಲ್ಲಿ ದುಡಿಯುತ್ತಿದ್ದಾರೆ. ವಿಮಾನ ನಿಲ್ದಾಣದಲ್ಲಿ ಅವರನ್ನು ಪ್ರಶ್ನೆ ಕೇಳಲು ಕಾಯಿಸುತ್ತಿದ್ದ ಬೆಂಚಿಗೆ ‘ಗಯನೀಸ್ ಬೆಂಚ್’ ಎಂಬ ಹೆಸರೇ ಬಿದ್ದಿತ್ತು. 2011ರ ಮಾರ್ಚಿನಲ್ಲಿ ಜಮೈಕಾದ ಯುವತಿ ಶಾನಿಕ್ ಮೈರಿ ಅವರನ್ನು ಅಧಿಕಾರಿಗಳು ಒಳಬಿಡದೆ, ಅವಮಾನಕರವಾಗಿ ತಪಾಸಣೆ ಮಾಡಿ ವಾಪಸು ಕಳಿಸಿದರು. ಅವರು ಕೆರಿಬಿಯನ್ ನ್ಯಾಯಾಲಯದ ಮೆಟ್ಟಿಲೇರಿದರು. 2013ರ ಅಕ್ಟೋಬರಿನಲ್ಲಿ ತೀರ್ಪು ಅವರ ಪರವಾಗಿ ಬಂತು. ಕೆರಿಬಿಯನ್ ಸಮುದಾಯದ ದೇಶಗಳ ಪ್ರಜೆಗಳಿಗೆ ಆರು ತಿಂಗಳವರೆಗೆ ಪರಸ್ಪರರ ನೆಲದಲ್ಲಿ ಉಳಿಯುವ ಹಕ್ಕಿದೆ ಎಂದು ನ್ಯಾಯಾಲಯ ಸ್ಪಷ್ಟಪಡಿಸಿ ಪರಿಹಾರವನ್ನೂ ಕೊಡಿಸಿತು.

ಬೇಜನ್ನರಿಗೆ ಪರಊರಿನ ಬೆಂಚು ಗೊತ್ತಿಲ್ಲದ್ದೇನಲ್ಲ. 1904ರಿಂದ 1914ರವರೆಗೆ ಪನಾಮ ಕಾಲುವೆ ಅಗೆಯಲು ಸುಮಾರು 20,000 ಮಂದಿ ಇಲ್ಲಿಂದ ಗುತ್ತಿಗೆಯ ಮೇಲೆ ಹೋದರು. ಬದುಕಿ ಮರಳಿದವರು ತಂದ ‘ಪನಾಮ ಹಣ’ದಿಂದ ಎಷ್ಟೋ ಕುಟುಂಬಗಳು ಮೊದಲ ಬಾರಿಗೆ ತುಂಡು ನೆಲ ಕೊಂಡವು. 1956ರಿಂದ ಲಂಡನ್ ಸಾರಿಗೆ ಸಂಸ್ಥೆ ಬಸ್ ಕಂಡಕ್ಟರುಗಳನ್ನು ಬಾರ್ಬಡೋಸಿಗೇ ಬಂದು ಆರಿಸಿಕೊಂಡು ಹೋಯಿತು. ಕ್ರಿಸ್‌ಮಸ್ ಹತ್ತಿರ ಬಂದಾಗ ಲಂಡನ್, ನ್ಯೂಯಾರ್ಕ್‌ಗಳಿಂದ ಬಟ್ಟೆ, ಸೋಪು, ಆಟಿಕೆ ತುಂಬಿದ ಪೀಪಾಯಿಗಳು ಬಂದರಿನಲ್ಲಿ ರಾಶಿ ಬೀಳುತ್ತವೆ. ಮೂವತ್ತು ನಲವತ್ತು ವರ್ಷ ಇಂಗ್ಲೆಂಡಿನಲ್ಲಿ ದುಡಿದು ನಿವೃತ್ತಿಗೆ ಮರಳಿದವರು ಗುಡ್ಡದ ಮೇಲೆ ದೊಡ್ಡ ಮನೆ ಕಟ್ಟಿಸುತ್ತಾರೆ. ಅವರ ಮಾತಿನ ಧಾಟಿ ಕೇಳಿ ಅಂಗಡಿಯವರು ‘ಇಂಗ್ಲೆಂಡಿನಿಂದ ಬಂದಿರಾ?’ ಎಂದು ವಿಚಾರಿಸುತ್ತಾರೆ. ಅಲ್ಲಿ ವೆಸ್ಟ್ ಇಂಡಿಯನ್, ಇಲ್ಲಿ ಇಂಗ್ಲಿಷರು.

2025ರ ಅಕ್ಟೋಬರ್ 1ರಿಂದ ಬಾರ್ಬಡೋಸ್, ಬೆಲೀಜ್, ಡೊಮಿನಿಕಾ, ಸೇಂಟ್ ವಿನ್ಸೆಂಟ್ ಈ ನಾಲ್ಕು ದೇಶಗಳ ಜನ ಪರಸ್ಪರರ ನೆಲದಲ್ಲಿ ಅನುಮತಿ ಪತ್ರವಿಲ್ಲದೆ ನೆಲೆಸಬಹುದು, ಕೆಲಸ ಮಾಡಬಹುದು, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಬಹುದು. ಕೆಲಸ ಹೋಗುತ್ತದೆ, ಶಾಲೆ ಕಿಕ್ಕಿರಿಯುತ್ತದೆ ಎಂದು ಕೆಲವರು, ಜನಸಂಖ್ಯೆ ಇಳಿಯುತ್ತಿರುವ, ವಯಸ್ಸಾಗುತ್ತಿರುವ ದೇಶಕ್ಕೆ ಕೈಗಳು ಬೇಕು ಎಂದು ಇನ್ನು ಕೆಲವರು ರೇಡಿಯೊದಲ್ಲೂ ರಮ್ ಅಂಗಡಿಗಳಲ್ಲೂ ವಾದ ಹೂಡಿದ್ದಾರೆ. ಗಯಾನ ಆ ನಾಲ್ಕರಲ್ಲಿ ಇಲ್ಲ. ಅಲ್ಲಿನ ಮೇಸ್ತ್ರಿ ಇಲ್ಲಿ ದುಡಿಯಬೇಕಾದರೆ ಈಗಲೂ ಕಾಗದ ಪತ್ರ ತೋರಿಸಬೇಕು. ಈ ನಡುವೆ 2019ರ ಕೊನೆಯಲ್ಲಿ ಗಯಾನದ ಸಮುದ್ರದಡಿಯಿಂದ ತೈಲ ಬರಲು ಶುರುವಾಗಿ ಆ ದೇಶದ ಬೊಕ್ಕಸ ತುಂಬುತ್ತಿದೆ, ಬಾರ್ಬಡೋಸಿನ ಗುತ್ತಿಗೆದಾರರೂ ವ್ಯಾಪಾರಿಗಳೂ ಕೆಲಸ ಹುಡುಕಿಕೊಂಡು ಅಲ್ಲಿನ ರಾಜಧಾನಿ ಜಾರ್ಜ್‌ಟೌನಿಗೆ ವಿಮಾನ ಹತ್ತುತ್ತಿದ್ದಾರೆ.